ತಖಿಯ್ಯಾ ಎಂಬ ಪದ ಮತ್ತು ನಂಬಿಕೆಯ ಪ್ರಶ್ನೆ

ಮಾನ್ಯರೇ,

ಭಯೋತ್ಪಾದನೆಯನ್ನು ಖಂಡಿಸಿ ಮುಸ್ಲಿಂ ಧರ್ಮವಿದ್ವಾಂಸರು ಹೊರಡಿಸಿದ ಹೇಳಿಕೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ ನೀವು ಬರೆದ ನಾಲ್ಕು ಪುಟದ ಪತ್ರ ತಲುಪಿದೆ. ಅದನ್ನು ಇದೇ ಸಂಚಿಕೆಯ ಓದುಗರ ವಿಭಾಗದಲ್ಲಿ ಪ್ರಕಟಿಸಿದ್ದೇವೆ; ನಿಮ್ಮೂರಿನ ವ್ಯಾಪಾರಿಯೊಬ್ಬರ ಹೆಸರಿದ್ದ ಒಂದು ವಾಕ್ಯವನ್ನು ಮಾತ್ರ ಕೈಬಿಟ್ಟಿದ್ದೇವೆ. ಪತ್ರವನ್ನು ಓದದೆ ನೇರವಾಗಿ ಈ ಪುಟಕ್ಕೆ ಬಂದವರ ಅನುಕೂಲಕ್ಕೆ ಅದರ ಸಾರವನ್ನು ಹೇಳಿ ಮುಂದುವರಿಯುತ್ತೇನೆ. ಇಸ್ಲಾಮಿನಲ್ಲಿ ‘ತಖಿಯ್ಯಾ’ ಎಂಬ ಕಟ್ಟಳೆ ಇದೆ, ಅದರ ಪ್ರಕಾರ ಅನ್ಯಧರ್ಮೀಯರಿಗೆ ಸುಳ್ಳು ಹೇಳುವುದು ಪಾಪವಲ್ಲ, ಆದ್ದರಿಂದ ಮೌಲವಿಗಳು ಉಗ್ರರನ್ನು ಎಷ್ಟೇ ಖಂಡಿಸಿದರೂ ಅದು ನಮ್ಮ ಕಣ್ಣಿಗೆ ಮಣ್ಣೆರಚುವ ಮಾತು ಎಂದು ನೀವು ಬರೆದಿದ್ದೀರಿ. ಮಗಳ ಮದುವೆಗೆಂದು ಕೊಂಡ ಅಕ್ಕಿಯ ಮೂಟೆಗಳಲ್ಲಿ ತೂಕ ಕಡಿಮೆ ಕೊಟ್ಟ ವ್ಯಾಪಾರಿಯೂ ಅದೇ ಧರ್ಮದವನೆಂದು ಉದಾಹರಣೆ ಕೊಟ್ಟಿದ್ದೀರಿ. ಕೊನೆಗೆ, ಉಗ್ರವಾದಕ್ಕೂ ಇಸ್ಲಾಮಿಗೂ ಸಂಬಂಧವಿಲ್ಲವೆನ್ನುವುದಾದರೆ ಉಗ್ರರ ಬಾಯಲ್ಲಿ ಕುರ್‌ಆನಿನ ವಚನಗಳೇ ಏಕೆ ಬರುತ್ತವೆ ಎಂದು ಕೇಳಿದ್ದೀರಿ.

ಈ ಕೊನೆಯ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ತಖಿಯ್ಯಾದ ವಿಷಯ. ಈ ಪದ ಈಚಿನ ವರ್ಷಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರಿ ಕನ್ನಡಕ್ಕೂ ಬಂದಿದೆ. ಹಾಗೆ ಬರುವಾಗ ಅದರ ಚರಿತ್ರೆ ದಾರಿಯಲ್ಲೇ ಕಳಚಿ ಬಿದ್ದಿದೆ.

ತಖಿಯ್ಯಾ ಎಂದರೆ ತನ್ನನ್ನು ಕಾಪಾಡಿಕೊಳ್ಳುವುದು ಎಂದರ್ಥ. ಅದಕ್ಕೆ ಆಧಾರವಾಗಿ ಉಲ್ಲೇಖಿಸುವ ಮುಖ್ಯ ವಚನ ಕುರ್‌ಆನಿನ 16ನೆಯ ಅಧ್ಯಾಯದ 106ನೆಯದು. ದೇವರನ್ನು ನಂಬಿದ ಮೇಲೆ ನಿರಾಕರಿಸಿದವರಿಗೆ ಶಿಕ್ಷೆಯಿದೆಯೆಂದು ಹೇಳುವ ಆ ವಚನ, ಹೃದಯದಲ್ಲಿ ನಂಬಿಕೆ ನೆಲೆಯೂರಿದ್ದೂ ಬಲವಂತಕ್ಕೆ ಒಳಗಾದವರನ್ನು ಆ ಶಿಕ್ಷೆಯಿಂದ ಹೊರಗಿಡುತ್ತದೆ. ವ್ಯಾಖ್ಯಾನಕಾರರು ಇದರ ಹಿನ್ನೆಲೆಯಾಗಿ ಅಮ್ಮಾರ್ ಬಿನ್ ಯಾಸಿರ್ ಅವರ ಕಥೆಯನ್ನು ಹೇಳುತ್ತಾರೆ. ಮೆಕ್ಕಾದಲ್ಲಿ ಹೊಸ ಧರ್ಮಕ್ಕೆ ಸೇರಿದ ಬಡಕುಟುಂಬ ಅವರದು. ತಾಯಿ ಸುಮಯ್ಯಾ ಚಿತ್ರಹಿಂಸೆಯಲ್ಲಿ ಸತ್ತರು. ಇಸ್ಲಾಮಿಗಾಗಿ ಪ್ರಾಣಬಿಟ್ಟ ಮೊದಲಿಗರೆಂದು ಸಂಪ್ರದಾಯ ಅವರನ್ನು ನೆನೆಯುತ್ತದೆ. ಮಗ ಅಮ್ಮಾರ್ ಹಿಂಸೆ ತಾಳಲಾರದೆ, ಹಿಂಸಿಸುವವರು ಹೇಳಿಸಿದ್ದನ್ನು ಹೇಳಿ, ಅವರ ದೇವತೆಗಳನ್ನು ಹೊಗಳಿ ಬಿಡಿಸಿಕೊಂಡು, ಅಳುತ್ತ ಪ್ರವಾದಿಯವರ ಬಳಿಗೆ ಬಂದರು. ನಿನ್ನ ಹೃದಯ ಹೇಗಿದೆ ಎಂದು ಪ್ರವಾದಿಯವರು ಕೇಳಿದರು. ನಂಬಿಕೆಯಲ್ಲಿ ನೆಮ್ಮದಿಯಾಗಿದೆ ಎಂದರು ಅಮ್ಮಾರ್. ಹಾಗಿದ್ದರೆ ಅವರು ಮತ್ತೆ ಹಿಂಸಿಸಿದರೆ ನೀನೂ ಮತ್ತೆ ಹಾಗೆಯೇ ಹೇಳು ಎಂದು ಪ್ರವಾದಿಯವರು ಸಮಾಧಾನಪಡಿಸಿದರೆಂದು ಕಥೆ ಮುಗಿಯುತ್ತದೆ. ಇಲ್ಲಿ ಸುಳ್ಳು ಹೇಳಿದವನ ಎದೆಯ ಮೇಲೆ ಹಿಂಸಕನ ಕಾಲಿದೆ. ಅಂಗಡಿಯ ತಕ್ಕಡಿಯಾಗಲಿ ಪತ್ರಿಕಾ ಹೇಳಿಕೆಯಾಗಲಿ ಈ ಚಿತ್ರದೊಳಗೆ ಇಲ್ಲ.

ಮುಂದಿನ ಚರಿತ್ರೆಯಲ್ಲಿ ಈ ರಿಯಾಯಿತಿ ಹೆಚ್ಚಾಗಿ ಬಳಕೆಗೆ ಬಂದದ್ದು ಶಿಯಾಗಳಲ್ಲಿ, ಅದೂ ಮುಸ್ಲಿಂ ದೊರೆಗಳ ಕೈಯಿಂದ ತಪ್ಪಿಸಿಕೊಳ್ಳಲು ಎಂಬುದನ್ನು ನೀವು ಗಮನಿಸಬೇಕು. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗ ಇಮಾಮ್ ಹುಸೇನರ ಹತ್ಯೆಯಾದ ಮೇಲೆ ಉಮಯ್ಯದರ, ಆಮೇಲೆ ಅಬ್ಬಾಸಿಯರ ಆಳ್ವಿಕೆಯಲ್ಲಿ ಪ್ರವಾದಿಯ ಮನೆತನದ ಪಕ್ಷ ವಹಿಸಿದವರಿಗೆ ತಮ್ಮ ನಿಷ್ಠೆಯನ್ನು ಬಾಯಿಬಿಟ್ಟು ಹೇಳುವುದೇ ಅಪಾಯವಾಗಿತ್ತು. ಸುನ್ನಿಗಳಲ್ಲಿ ಬಲವಂತದ ಕಾಲಕ್ಕೆ ಇದೇ ರಿಯಾಯಿತಿ ಇದ್ದರೂ, ಅದನ್ನು ಬಳಸದೆ ನಿಂತವರಿಗೇ ಹೆಚ್ಚಿನ ಗೌರವ ಸಂದಿದೆ. ಖಲೀಫ ಮಾಮೂನ್ 833ರಲ್ಲಿ, ಕುರ್‌ಆನ್ ಸೃಷ್ಟಿಸಲ್ಪಟ್ಟದ್ದು ಎಂಬ ತನ್ನ ಮತವನ್ನು ಎಲ್ಲ ವಿದ್ವಾಂಸರೂ ಒಪ್ಪಬೇಕೆಂದು ವಿಚಾರಣೆ ಹೂಡಿದಾಗ ಬಹುಮಂದಿ ತಲೆಯಾಡಿಸಿ ಪಾರಾದರು. ಅಹ್ಮದ್ ಬಿನ್ ಹಂಬಲ್ ಅವರು ಒಪ್ಪದೆ ಸೆರೆಮನೆ ಸೇರಿ, ಮುಂದಿನ ಖಲೀಫನ ಕಾಲದಲ್ಲಿ ಚಾಟಿಯ ಏಟು ತಿಂದರು. ಇಂದು ಸುನ್ನಿಗಳ ನಾಲ್ಕು ಪಂಥಗಳಲ್ಲೊಂದು ಅವರ ಹೆಸರಿನಲ್ಲಿದೆ.

ತಖಿಯ್ಯಾ ಹತ್ತಿರದಿಂದ ಹೇಗೆ ಕಾಣುತ್ತದೆಂದು ತಿಳಿಯಬೇಕಾದರೆ 1504ರಲ್ಲಿ ಉತ್ತರ ಆಫ್ರಿಕಾದ ಒಬ್ಬ ವಿದ್ವಾಂಸರು ಸ್ಪೇನಿನ ಮುಸ್ಲಿಮರಿಗೆ ಬರೆದ ಫತ್ವಾವನ್ನು ನೋಡಬೇಕು. 1492ರಲ್ಲಿ ಗ್ರನಾಡ ಬಿದ್ದ ಹತ್ತು ವರ್ಷಗಳೊಳಗೆ ಕ್ಯಾಸ್ಟೀಲ್ ರಾಜ್ಯದ ಮುಸ್ಲಿಮರಿಗೆ ದೀಕ್ಷಾಸ್ನಾನ ಇಲ್ಲವೇ ದೇಶತ್ಯಾಗ ಎಂಬ ಎರಡೇ ದಾರಿ ಉಳಿದಿತ್ತು. ಬಲವಂತವಾಗಿ ಕ್ರೈಸ್ತರಾದ ಆ ಜನರಿಗೆ ಫತ್ವಾ ಹೇಳುವುದು ಇಷ್ಟು: ಹಗಲು ಪ್ರಾರ್ಥಿಸಲಾಗದಿದ್ದರೆ ರಾತ್ರಿ ಪ್ರಾರ್ಥಿಸಿ, ಸನ್ನೆಯಲ್ಲಾದರೂ ಸರಿ; ನೀರಿನಿಂದ ಶುದ್ಧಿ ಮಾಡಿಕೊಳ್ಳಲಾಗದಿದ್ದರೆ ಗೋಡೆಗೆ ಕೈ ಸವರಿ; ಹಂದಿಮಾಂಸವನ್ನು ಬಾಯಿಗಿಟ್ಟರೆ ಮನಸ್ಸಿನಲ್ಲಿ ಅದನ್ನು ನಿಷಿದ್ಧವೆಂದೇ ಎಣಿಸಿ ತಿನ್ನಿ. ಕತ್ತಲಲ್ಲಿ ಗೋಡೆ ಸವರುವ ಆ ಕೈಯನ್ನು ನೆನೆಸಿಕೊಳ್ಳಿ. ಅಷ್ಟು ಮಾಡಿಯೂ ಅವರ ಮೊಮ್ಮಕ್ಕಳು ಉಳಿಯಲಿಲ್ಲ. 1609ರಿಂದ 1614ರ ನಡುವೆ ಸುಮಾರು 3 ಲಕ್ಷ ಜನರನ್ನು ಸ್ಪೇನಿನಿಂದ ಹೊರಗಟ್ಟಲಾಯಿತು.

ಅದೇ ನೆಲದಲ್ಲಿ ಮೂರೂವರೆ ಶತಮಾನದ ಹಿಂದೆ ಪಾತ್ರಗಳು ಅದಲುಬದಲಾಗಿದ್ದವು ಎಂಬುದನ್ನೂ ಮುಚ್ಚಿಡಬಾರದು. ಅಲ್‌ಮೊಹದ್ ಎಂಬ ಮುಸ್ಲಿಂ ರಾಜವಂಶ ಉತ್ತರ ಆಫ್ರಿಕಾದಲ್ಲೂ ಸ್ಪೇನಿನಲ್ಲೂ ಯಹೂದಿಗಳನ್ನು ಬಲವಂತವಾಗಿ ಮತಾಂತರಿಸಿತು. ಆಗ ಕಾರ್ಡೋವಾದಲ್ಲಿ ಹುಟ್ಟಿದ ಮಹಾ ಯಹೂದಿ ಪಂಡಿತ ಮೈಮೊನಿಡೀಸ್ ಅವರು, ಜೀವ ಉಳಿಸಿಕೊಳ್ಳಲು ಇಸ್ಲಾಮಿನ ಸಾಕ್ಷ್ಯವಚನವನ್ನು ಬಾಯಲ್ಲಿ ಉಚ್ಚರಿಸಿದವನು ಧರ್ಮದ್ರೋಹಿಯಲ್ಲ, ಅವಕಾಶ ಸಿಕ್ಕೊಡನೆ ಆ ನಾಡು ಬಿಟ್ಟು ಹೋಗಲಿ ಎಂದು ಬರೆದರು. ಹೆಸರು ಬೇರೆ, ಧರ್ಮ ಬೇರೆ, ಆದರೆ ಮಾತು ಅದೇ. ನಮ್ಮ ಮಹಾಭಾರತದ ಕರ್ಣಪರ್ವದಲ್ಲೂ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ: ಸತ್ಯವನ್ನೇ ನುಡಿಯುವ ವ್ರತ ಹಿಡಿದ ತಪಸ್ವಿಯೊಬ್ಬ, ಕಾಡಿನಲ್ಲಿ ಅಡಗಿದವರ ಜಾಡನ್ನು ಬೆನ್ನಟ್ಟಿ ಬಂದ ದರೋಡೆಕೋರರಿಗೆ ಹೇಳಿ, ಅವರ ಸಾವಿಗೆ ಕಾರಣನಾಗಿ ನರಕಕ್ಕೆ ಹೋದ. ಧರ್ಮಗುರು ಅಲ್ ಗಜಾಲಿ ಅವರೂ ಇಂಥದೇ ಉದಾಹರಣೆ ಕೊಡುತ್ತಾರೆ: ಕೊಲ್ಲಲು ಬಂದ ದುಷ್ಟನಿಂದ ಅಡಗಿದವನನ್ನು ಉಳಿಸಲು ಸುಳ್ಳು ಹೇಳುವುದು ಬರಿಯ ಸಮ್ಮತವಲ್ಲ, ಕರ್ತವ್ಯ. ಕೌಶಿಕನ ಕಥೆ ಬಲ್ಲವರು ಗಜಾಲಿಯವರ ಮಾತಿಗೆ ಬೆಚ್ಚಿಬೀಳಬೇಕಾದ ಕಾರಣ ನನಗೆ ಕಾಣುವುದಿಲ್ಲ.

ನೀವು ಪತ್ರದಲ್ಲಿ ಎತ್ತಿರುವ ಒಂದು ಹದೀಸ್, ಅಂದರೆ ಪ್ರವಾದಿಯವರ ನುಡಿ-ನಡೆಗಳ ವರದಿ, ನಿಜ; ಅದನ್ನು ಅಲ್ಲಗಳೆಯುವುದಿಲ್ಲ. ಯುದ್ಧದಲ್ಲಿ, ಜಗಳವಾಡಿದವರನ್ನು ಒಂದುಗೂಡಿಸುವಾಗ, ಗಂಡಹೆಂಡಿರ ನಡುವೆ, ಹೀಗೆ ಮೂರು ಸಂದರ್ಭಗಳಲ್ಲಿ ಸುಳ್ಳಿಗೆ ರಿಯಾಯಿತಿ ಇದೆಯೆಂದು ವರದಿಯಾಗಿದೆ. ‘ಯುದ್ಧವೆಂದರೆ ತಂತ್ರ’ ಎಂಬ ಮಾತೂ ಇದೆ. ಆದರೆ ಅದೇ ಪರಂಪರೆ ಯುದ್ಧದ ಮೋಸಕ್ಕೂ ಮಾತು ಮುರಿಯುವುದಕ್ಕೂ ನಡುವೆ ಗೆರೆ ಎಳೆದಿದೆ. 624ರ ಬದ್ರ್ ಕಾಳಗಕ್ಕೆ ಮುಂಚೆ ಹುಜೈಫಾ ಎಂಬ ಅನುಯಾಯಿಯೂ ಅವರ ತಂದೆಯೂ ದಾರಿಯಲ್ಲಿ ಮೆಕ್ಕಾದವರ ಕೈಗೆ ಸಿಕ್ಕಿಬಿದ್ದರು. ನಾವು ಕಾಳಗಕ್ಕೆ ಸೇರುವುದಿಲ್ಲ ಎಂದು ಮಾತು ಕೊಟ್ಟು ಬಿಡಿಸಿಕೊಂಡರು. ಪ್ರವಾದಿಯವರ ಪಡೆ ಆಗ ಮುನ್ನೂರರ ಆಸುಪಾಸಿನಲ್ಲಿತ್ತು. ಎದುರಾಳಿಗಳು ಅದರ ಮೂರು ಪಟ್ಟು. ಆದರೂ ಅವರಿಬ್ಬರು ಬಂದು ನಡೆದದ್ದನ್ನು ಹೇಳಿದಾಗ, ಕೊಟ್ಟ ಮಾತನ್ನು ಉಳಿಸಿಕೊಳ್ಳೋಣ ಎಂದು ಪ್ರವಾದಿಯವರು ಅವರನ್ನು ಕಾಳಗಕ್ಕೆ ಸೇರಿಸಿಕೊಳ್ಳಲಿಲ್ಲ. ಇದು ಸಹೀಹ್ ಮುಸ್ಲಿಂ ಎಂಬ ಹದೀಸ್ ಸಂಗ್ರಹದಲ್ಲಿದೆ. ಮಾತು ಕೊಟ್ಟದ್ದು ಯಾರಿಗೆ? ಅನ್ಯಧರ್ಮೀಯರಿಗೆ, ಅದೂ ಶತ್ರುಗಳಿಗೆ.

ಅಕ್ಕಿಯ ವಿಷಯಕ್ಕೆ ಹತ್ತಿರವಾದ ಘಟನೆಯೂ ಅದೇ ಸಂಗ್ರಹದಲ್ಲಿದೆ. ಪ್ರವಾದಿಯವರು ಸಂತೆಯಲ್ಲಿ ನಡೆದುಹೋಗುವಾಗ ಒಂದು ಧಾನ್ಯದ ರಾಶಿಯೊಳಗೆ ಕೈ ತೂರಿಸಿದರು. ಮೇಲೆ ಒಣಗಿದ್ದ ರಾಶಿ ಒಳಗೆ ಬೆರಳಿಗೆ ಒದ್ದೆಯಾಗಿ ತಾಕಿತು. ಇದೇನು ಎಂದು ಕೇಳಿದ್ದಕ್ಕೆ ಮಳೆ ಬಿದ್ದಿತ್ತು ಎಂದ ಮಾರುವವನು. ಹಾಗಿದ್ದರೆ ಒದ್ದೆಯಾದದ್ದನ್ನು ಜನರ ಕಣ್ಣಿಗೆ ಕಾಣುವಂತೆ ಮೇಲಕ್ಕೇಕೆ ಹಾಕಲಿಲ್ಲ, ಮೋಸ ಮಾಡುವವನು ನಮ್ಮವನಲ್ಲ ಎಂದರು ಪ್ರವಾದಿಯವರು. ಕುರ್‌ಆನಿನ 83ನೆಯ ಅಧ್ಯಾಯದ ಹೆಸರೇ ‘ಅಲ್ ಮುತಫ್ಫಿಫೀನ್’, ಅಂದರೆ ಅಳತೆಯಲ್ಲಿ ಮೋಸ ಮಾಡುವವರು. ತಾವು ಪಡೆಯುವಾಗ ತುಂಬ ಅಳೆಸಿಕೊಂಡು, ಕೊಡುವಾಗ ಕಡಿಮೆ ಅಳೆಯುವವರಿಗೆ ವಿನಾಶವಿದೆ ಎಂಬುದೇ ಅದರ ಆರಂಭ. ನಾಲ್ಕನೆಯ ಅಧ್ಯಾಯದ 135ನೆಯ ವಚನ, ನಿಮಗೇ ವಿರುದ್ಧವಾದರೂ, ಹೆತ್ತವರಿಗೆ, ನಂಟರಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷಿ ನುಡಿಯಿರಿ ಎನ್ನುತ್ತದೆ. ನಿಮ್ಮೂರಿನ ವ್ಯಾಪಾರಿ ತೂಕದಲ್ಲಿ ಮೋಸ ಮಾಡಿದ್ದು ನಿಜವಾಗಿದ್ದರೆ, ಆತ ತನ್ನ ಧರ್ಮದ ಮಾತು ಕೇಳಿ ಹಾಗೆ ಮಾಡಲಿಲ್ಲ, ಮೀರಿ ಮಾಡಿದ್ದಾನೆ.

ಇನ್ನು ಉಗ್ರವಾದದ ಮಾತು. ಪ್ರಾಮಾಣಿಕತೆ ಇಲ್ಲದ್ದರಿಂದ ಉಗ್ರವಾದ ಹುಟ್ಟುತ್ತದೆ, ಸುಳ್ಳೇ ಅದರ ಆಯುಧ ಎಂಬ ನಿಮ್ಮ ತರ್ಕವನ್ನು ಇಸ್ಲಾಮಿನ ಮೊದಲ ಉಗ್ರರ ಚರಿತ್ರೆಯೇ ಬುಡಮೇಲು ಮಾಡುತ್ತದೆ. 657ರಲ್ಲಿ ಯೂಫ್ರಟೀಸ್ ದಂಡೆಯ ಸಿಫ್ಫೀನಿನಲ್ಲಿ ಖಲೀಫ ಅಲಿ ಅವರಿಗೂ ಮುಆವಿಯಾ ಅವರಿಗೂ ನಡೆದ ಯುದ್ಧವನ್ನು ಪಂಚಾಯಿತಿಗೆ ಬಿಡಲು ಒಪ್ಪಿದಾಗ, ತೀರ್ಪು ದೇವರದೇ ಹೊರತು ಮನುಷ್ಯರದಲ್ಲ ಎಂದು ಕೂಗಿ ಒಂದು ಗುಂಪು ಹೊರನಡೆಯಿತು. ಹೊರನಡೆದವರು ಎಂಬರ್ಥದಲ್ಲಿ ಅವರಿಗೆ ಖವಾರಿಜರು ಎಂದು ಹೆಸರು. ಮಾತು ಸತ್ಯವಾದದ್ದೇ, ಆದರೆ ಅದರಿಂದ ಸಾಧಿಸಹೊರಟಿರುವುದು ಅಸತ್ಯ ಎಂದು ಅಲಿ ಈ ಗುಂಪಿನ ಬಗ್ಗೆ ಹೇಳಿದರು. ಚರಿತ್ರಕಾರ ತಬರಿ ದಾಖಲಿಸಿರುವ ಒಂದು ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ನಿದ್ದೆ ದೂರವಾಗುತ್ತದೆ. ಈ ಗುಂಪಿನವರು ಪ್ರವಾದಿಯ ಸಂಗಾತಿಯೊಬ್ಬರ ಮಗನಾದ ಅಬ್ದುಲ್ಲಾ ಬಿನ್ ಖಬ್ಬಾಬ್ ಅವರನ್ನು ಗರ್ಭಿಣಿ ಹೆಂಡತಿಯೊಂದಿಗೆ ಹಿಡಿದು ಕರೆದೊಯ್ಯುತ್ತಿದ್ದರು. ದಾರಿಯಲ್ಲಿ ಮರದಿಂದ ಉದುರಿದ ಒಂದು ಖರ್ಜೂರವನ್ನು ಅವರಲ್ಲೊಬ್ಬ ಬಾಯಿಗೆ ಹಾಕಿಕೊಂಡ. ಬೆಲೆ ಕೊಡದೆ, ಯಜಮಾನನ ಒಪ್ಪಿಗೆಯಿಲ್ಲದೆ ತಿನ್ನುವೆಯಾ ಎಂದು ಜೊತೆಯವರು ಗದರಿದರು. ಆತ ತಕ್ಷಣ ಉಗುಳಿದ. ಇನ್ನೊಬ್ಬ ಎದುರಿಗೆ ಬಂದ ಹಂದಿಯನ್ನು ಕೊಂದ. ಅದು ಮುಸ್ಲಿಮೇತರನೊಬ್ಬನ ಸ್ವತ್ತೆಂದು ತಿಳಿದು, ಹುಡುಕಿಕೊಂಡು ಹೋಗಿ ಆತನನ್ನು ಸಮಾಧಾನಪಡಿಸಿ ಬಂದ. ಆಮೇಲೆ ಅವರೆಲ್ಲ ಸೇರಿ ಅಬ್ದುಲ್ಲಾ ಅವರನ್ನು ನೀರಿನ ದಂಡೆಯಲ್ಲಿ ಮಲಗಿಸಿ ಕೊರಳು ಕೊಯ್ದರು. ಗರ್ಭಿಣಿ ಹೆಂಡತಿಯ ಹೊಟ್ಟೆಯನ್ನು ಸೀಳಿದರು.

ಅವರು ಕಳ್ಳರಲ್ಲ, ಸುಳ್ಳರೂ ಅಲ್ಲ. ಸುಳ್ಳು ಹೇಳುವುದನ್ನು ಮಹಾಪಾಪವೆಂದೂ, ಮಹಾಪಾಪ ಮಾಡಿದವನು ಧರ್ಮದಿಂದಲೇ ಹೊರಬಿದ್ದವನೆಂದೂ ಎಣಿಸುತ್ತಿದ್ದ ಜನ ಅವರು. ಅವರಲ್ಲೇ ಅತ್ಯಂತ ಕ್ರೂರವೆನಿಸಿಕೊಂಡ ಅಜಾರಿಕಾ ಪಂಗಡ ತಖಿಯ್ಯಾವನ್ನು ಮಾತಿನಲ್ಲೂ ಕೃತಿಯಲ್ಲೂ ನಿಷೇಧಿಸಿತ್ತು. ಹದೀಸ್ ವರದಿ ಮಾಡುವುದರಲ್ಲಿ ಖವಾರಿಜರು ಎಷ್ಟು ಕಟ್ಟುನಿಟ್ಟೆಂದು ಹೆಸರಾಗಿದ್ದರೆಂದರೆ, 661ರಲ್ಲಿ ಕೂಫಾದಲ್ಲಿ ಅಲಿ ಅವರನ್ನು ಕೊಂದವನನ್ನು ಹೊಗಳಿ ಪದ್ಯ ಕಟ್ಟಿದ ಇಮ್ರಾನ್ ಬಿನ್ ಹಿತ್ತಾನನ ವರದಿ ಬುಖಾರಿಯವರ ಹದೀಸ್ ಸಂಗ್ರಹದಲ್ಲೂ ಸ್ಥಾನ ಪಡೆದಿದೆ. ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಉಗ್ರನಾದವನು ತನ್ನ ಮತವನ್ನು ಮುಚ್ಚಿಡುವುದಿಲ್ಲ, ಸಾರಿ ಹೇಳುತ್ತಾನೆ. ಒಸಾಮಾ ಬಿನ್ ಲಾದೆನ್ 1996ರಲ್ಲೂ 1998ರಲ್ಲೂ ಯುದ್ಧಘೋಷಣೆಗಳನ್ನು ಬಹಿರಂಗವಾಗಿಯೇ ಹೊರಡಿಸಿದ. 2014ರ ಜುಲೈನಲ್ಲಿ ಐಎಸ್ ಉಗ್ರ ಸಂಘಟನೆಯ ನಾಯಕ ಅಬೂಬಕರ್ ಬಗ್ದಾದಿ ಮೋಸುಲ್‌ನ ಮಸೀದಿಯಲ್ಲಿ ಕ್ಯಾಮೆರಾದ ಮುಂದೆ ನಿಂತು ಭಾಷಣ ಮಾಡಿದ. ಅವರ ಕೊಲೆಗಡುಕ ಅನುಚರರು ಗಡ್ಡ ಬೋಳಿಸಿಕೊಂಡು ವೇಷ ಮರೆಸಿದ್ದುಂಟು, ನಿಜ. ಆದರೆ ಯಾವ ಗುಪ್ತಪಡೆಯೂ ಮಾಡುವ ಕೆಲಸ ಅದು, ಅದನ್ನು ಕೋಟ್ಯಂತರ ಜನರ ದಿನನಿತ್ಯದ ಮಾತಿಗೆ ಅಳತೆಗೋಲು ಮಾಡಲಾಗದು.

‘ಉಗ್ರವಾದಕ್ಕೂ ಇಸ್ಲಾಮಿಗೂ ಸಂಬಂಧವಿಲ್ಲ’ ಎಂಬ ಮಾತಿನ ಬಗ್ಗೆ ನಿಮಗಿರುವ ಅತೃಪ್ತಿ ನನಗೂ ಇದೆ. ಆ ಮಾತನ್ನು ಆಡುವವರು ಸುಳ್ಳರಲ್ಲ, ಆದರೆ ಅರ್ಧದಲ್ಲೇ ನಿಲ್ಲುತ್ತಾರೆ. ಧರ್ಮದಲ್ಲಿ ಮಿತಿಮೀರಬೇಡಿ ಎಂದು ಕುರ್‌ಆನ್ ಎರಡು ಕಡೆ ಗ್ರಂಥದವರನ್ನು, ಅಂದರೆ ಯಹೂದಿಗಳನ್ನೂ ಕ್ರೈಸ್ತರನ್ನೂ, ಉದ್ದೇಶಿಸಿ ಹೇಳಿದೆ. ಅತಿಗೆ ಹೋಗುವವರು ನಾಶವಾದರು ಎಂದು ಪ್ರವಾದಿಯವರು ಮೂರು ಸಲ ಹೇಳಿದ ಹದೀಸೂ ಇದೆ. ಇವು ಇರುವಂತೆಯೇ ಯುದ್ಧದ ವಚನಗಳೂ ಇವೆ, ಧರ್ಮ ತೊರೆದವನಿಗೆ ಮರಣದಂಡನೆ ವಿಧಿಸುವ ಹಳೆಯ ಶಾಸ್ತ್ರವಾಕ್ಯಗಳೂ ಇವೆ. ಉಗ್ರರು ಅವುಗಳನ್ನು ಗಾಳಿಯಿಂದ ಹಿಡಿದು ತಂದವರಲ್ಲ. ಈಜಿಪ್ಟಿನ ಲೇಖಕ ಫರಜ್ ಫೌದಾ ಅವರನ್ನು 1992ರ ಜೂನ್ 8ರಂದು ಕೈರೋದಲ್ಲಿ ಧರ್ಮ ತೊರೆದವರೆಂದು ಆರೋಪಿಸಿ ಗುಂಡಿಟ್ಟು ಕೊಂದ ಮೇಲೆ, ನ್ಯಾಯಾಲಯದಲ್ಲಿ ಕೊಲೆಗಾರರ ಪರವಾಗಿ ಸಾಕ್ಷಿ ನುಡಿಯಲು ಬಂದದ್ದು ಯಾವ ಭೂಗತ ಉಗ್ರನೂ ಅಲ್ಲ, ಕೈರೋದ ಹಳೆಯ ಇಸ್ಲಾಮಿ ವಿದ್ಯಾಪೀಠ ಅಲ್ ಅಜ್‌ಹರಿನ ಹೆಸರಾಂತ ವಿದ್ವಾಂಸರು. 2011ರ ಜನವರಿ 4ರಂದು ಪಾಕಿಸ್ತಾನದ ಪಂಜಾಬಿನ ರಾಜ್ಯಪಾಲ ಸಲ್ಮಾನ್ ತಾಸೀರ್ ಅವರನ್ನು, ಧರ್ಮನಿಂದೆಯ ಕಾನೂನನ್ನು ಟೀಕಿಸಿದರೆಂಬ ಕಾರಣಕ್ಕೆ ಅವರ ಅಂಗರಕ್ಷಕನೇ ಕೊಂದಾಗ, ನ್ಯಾಯಾಲಯಕ್ಕೆ ಬಂದ ಹಂತಕನ ಮೇಲೆ ವಕೀಲರು ಗುಲಾಬಿ ಪಕಳೆ ಎರಚಿದರು. ನಮ್ಮದೇ ನಾಡಿನಲ್ಲಿ ಬಾನು ಮುಷ್ತಾಕ್ ಅವರು ಹೆಣ್ಣುಮಕ್ಕಳ ಮಸೀದಿ ಪ್ರವೇಶದ ಪರವಾಗಿ ಮಾತಾಡಿದ್ದಕ್ಕೆ 2000ದಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಿದರು. ಇಂಥ ಕಡೆಗಳಲ್ಲಿ ‘ಸಂಬಂಧವಿಲ್ಲ’ ಎಂದು ಹೇಳಿ ಎದ್ದುಹೋಗುವುದಕ್ಕಿಂತ, ಈ ವಾಕ್ಯ ನಮ್ಮ ಪರಂಪರೆಯಲ್ಲಿದೆ, ನಾವು ಅದನ್ನು ಹೀಗೆ ಓದುತ್ತೇವೆ, ಈ ಕಾರಣಕ್ಕೆ ಅವರ ಓದು ತಪ್ಪು ಎಂದು ಹೇಳುವುದು ಕಷ್ಟದ ಕೆಲಸ, ಆದರೆ ಅದೇ ಪ್ರಾಮಾಣಿಕ ಕೆಲಸ. ಈ ಸಾಲುಗಳನ್ನು ಓದುವ ನಮ್ಮ ಮುಸ್ಲಿಂ ಓದುಗರಲ್ಲೂ ಇದನ್ನೇ ಕೇಳಿಕೊಳ್ಳುತ್ತೇನೆ.

ಆ ಕೆಲಸವನ್ನು ಯಾರೂ ಮಾಡಿಲ್ಲವೆಂಬ ನಿಮ್ಮ ಮಾತು ಮಾತ್ರ ಸರಿಯಲ್ಲ. 2004ರ ನವೆಂಬರಿನಲ್ಲಿ ಜೋರ್ಡಾನಿನ ಅಮ್ಮಾನ್‌ನಿಂದ ಉಗ್ರವಾದವನ್ನು ಖಂಡಿಸಿ ಹೊರಟ ಸಂದೇಶಕ್ಕೆ ಮುಂದಿನ ವರ್ಷ ಐವತ್ತಕ್ಕೂ ಹೆಚ್ಚು ದೇಶಗಳ ವಿದ್ವಾಂಸರು ಸೇರಿ, ಒಬ್ಬ ಮುಸ್ಲಿಮನನ್ನು ಇನ್ನೊಬ್ಬ ಕಾಫಿರನೆಂದು ಘೋಷಿಸುವುದನ್ನೇ ನಿಷೇಧಿಸುವ ನಿರ್ಣಯ ಜೋಡಿಸಿದರು. ಖವಾರಿಜರ ಕಾಲದಿಂದ ಬಂದ ರೋಗದ ಬೇರು ಇರುವುದೇ ಅಲ್ಲಿ. 2008ರ ಫೆಬ್ರುವರಿಯಲ್ಲಿ ದೇವಬಂದದ ದಾರುಲ್ ಉಲೂಮ್, ದೇಶದ ಎಲ್ಲೆಡೆಯ ಉಲೇಮಾಗಳನ್ನು ಸೇರಿಸಿ ಭಯೋತ್ಪಾದನೆಯನ್ನು ಇಸ್ಲಾಮ್‌ವಿರೋಧಿಯೆಂದು ಸಾರಿತು. 2014ರ ಸೆಪ್ಟೆಂಬರಿನಲ್ಲಿ 126 ವಿದ್ವಾಂಸರು ಬಗ್ದಾದಿಗೆ ಬಹಿರಂಗ ಪತ್ರ ಬರೆದರು. ಗುಲಾಮಗಿರಿಯನ್ನು ಮರಳಿ ತರುವುದು, ದೂತರನ್ನು ಮತ್ತು ಪತ್ರಕರ್ತರನ್ನು ಕೊಲ್ಲುವುದು ನಿಷಿದ್ಧವೆಂದು ಒಂದೊಂದನ್ನೂ ಶಾಸ್ತ್ರದ ಆಧಾರದಿಂದಲೇ ವಾದಿಸಿದರು. ಆ ಪತ್ರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹಳೆಯ ದೇಹದಂಡನೆಗಳನ್ನು ತತ್ತ್ವತಃ ಒಪ್ಪಿಕೊಂಡು, ಜಾರಿಗೆ ಷರತ್ತು ಹಾಕುವಲ್ಲಿಗೆ ಅದು ನಿಲ್ಲುತ್ತದೆ. ಆದರೆ ನನಗೆ ಒಪ್ಪಿಗೆಯಾಗದ ಆ ಭಾಗವೇ ಅವರ ಪ್ರಾಮಾಣಿಕತೆಗೆ ಪುರಾವೆ. ಹೊರಗಿನವರನ್ನು ಮೆಚ್ಚಿಸಲು ಸುಳ್ಳು ಹೇಳಲು ಕುಳಿತವರು ನಮ್ಮ ಕಿವಿಗೆ ಹಿತವಲ್ಲದ ಸಾಲುಗಳನ್ನು ಅಲ್ಲಿ ಉಳಿಸುತ್ತಿದ್ದರೆ?

ಹೇಳಿಕೆಗಳನ್ನು ಬದಿಗಿಟ್ಟು ನಡತೆಯನ್ನು ನೋಡೋಣವೆಂದರೆ ಮುಂಬೈ ಇದೆ. 2008ರ ನವೆಂಬರಿನ ದಾಳಿಯಲ್ಲಿ ಸತ್ತ ಒಂಬತ್ತು ಉಗ್ರರಿಗೆ ಮರೀನ್ ಲೈನ್ಸ್‌ನ ಬಡಾ ಖಬರಸ್ತಾನದಲ್ಲಿ ಮಣ್ಣು ಕೊಡಲು ಅದನ್ನು ನೋಡಿಕೊಳ್ಳುವ ಟ್ರಸ್ಟ್ ಒಪ್ಪಲಿಲ್ಲ. ಅಮಾಯಕರನ್ನು ಕೊಂದವರು ಮುಸ್ಲಿಮರಲ್ಲ ಎಂದಿತು. ಸತ್ತವರನ್ನು ಬೇಗನೆ ಮಣ್ಣು ಮಾಡುವುದು ಕರ್ತವ್ಯವೆಂದು ನಂಬುವ ಜನ ಅವರು. ಶವಗಳು ಒಂದು ವರ್ಷಕ್ಕೂ ಮೀರಿ ಆಸ್ಪತ್ರೆಯ ಶವಾಗಾರದಲ್ಲೇ ಉಳಿದು, ಕೊನೆಗೆ ಸರ್ಕಾರ ಗುಟ್ಟಾಗಿ ಹೂಳಿತು. ಇದೂ ತಖಿಯ್ಯಾವೇ ಎನ್ನುವುದಾದರೆ ನನ್ನದೊಂದು ಪ್ರಶ್ನೆ: ಏನು ಮಾಡಿದರೆ ನೀವು ನಂಬುತ್ತೀರಿ? ಖಂಡಿಸದಿದ್ದರೆ ಒಪ್ಪಿಗೆ, ಖಂಡಿಸಿದರೆ ನಟನೆ ಎಂದು ಮೊದಲೇ ತೀರ್ಮಾನಿಸಿಬಿಟ್ಟರೆ ಎದುರಿಗಿರುವವನಿಗೆ ಬಾಯೇ ಇಲ್ಲದಂತಾಗುತ್ತದೆ. ನೀವು ಪತ್ರದಲ್ಲಿ ‘ಚರ್ಚೆಯಾಗಲಿ’ ಎಂದು ಎರಡು ಕಡೆ ಬರೆದಿದ್ದೀರಿ. ಚರ್ಚೆಗೆ ಕರೆದವನ ಮಾತನ್ನು ಕೇಳುವ ಮೊದಲೇ ತಳ್ಳಿಹಾಕುವ ಪದವೊಂದನ್ನು ಕೈಯಲ್ಲಿಟ್ಟುಕೊಂಡು ಚರ್ಚೆ ನಡೆಸಲು ನನಗೆ ಬರುವುದಿಲ್ಲ.

ಕಳೆದ ಸಂಚಿಕೆಯ ಲೇಖನದಲ್ಲಿ ಇಂಥ ವಾಕ್ಯ ತಪ್ಪು, ಇಂಥ ಹೇಳಿಕೆ ನಡೆದೇ ಇಲ್ಲ ಎಂದು ನೀವು ತೋರಿಸಿ ಬರೆದರೆ ಅದೇ ಜಾಗದಲ್ಲಿ ತಿದ್ದುಪಡಿ ಪ್ರಕಟಿಸುತ್ತೇವೆ. ಅಕ್ಕಿಯ ಮೂಟೆಗಳ ವಿಷಯದಲ್ಲಿ, ಕೊಂಡ ದಿನಾಂಕ, ಮೂಟೆಯ ಮೇಲೆ ಬರೆದ ತೂಕ, ನೀವು ತೂಗಿದಾಗ ಬಂದ ತೂಕ ಇಷ್ಟನ್ನು ಬರೆದು, ರಸೀದಿಯಿದ್ದರೆ ಅದರ ಪ್ರತಿ ಲಗತ್ತಿಸಿ, ನಿಮ್ಮ ತಾಲ್ಲೂಕಿನ ಕಾನೂನು ಮಾಪನಶಾಸ್ತ್ರ ನಿರೀಕ್ಷಕರಿಗೆ ದೂರು ಕೊಡಿ. ಮೋಸವಾಗಿದ್ದರೆ ನಿಮಗೆ ನ್ಯಾಯ ಸಿಗಲೇಬೇಕು. ದೂರಿನ ಮೇಲೆ ಏನಾಯಿತೆಂದು ನಮಗೂ ಒಂದು ಸಾಲು ಬರೆದು ತಿಳಿಸಿ.

— ಸಂಪಾದಕ